ಅಂಟುವಾಳದಲ್ಲಿ ತೊಳೆದ ರೂಪಾಯಿ

ಬಂಟ್ವಾಳದ ಅಸ್ಕರ್ ಕತೆ ಕಟ್ಟಲು ಬಾಯಿ ಬಿಟ್ಟರೆ ಸವೆದ ತೂತು ಕಾಸಿಗೂ ರಾಜಕಳೆ ಬರುತ್ತಿತ್ತು. ಜಾತ್ರೆ, ಮೇಳ ಎಲ್ಲಿದ್ದರೂ ಅವನ ಹಳೇ ನಾಣ್ಯಗಳ ಮೇಜು ಅಲ್ಲಿ ಹಾಜರು. ಹಳೇ ನಾಣ್ಯವನ್ನು ತೊಳೆಯಲೇಬಾರದು, ತೊಳೆದರೆ ಅದರ ವಯಸ್ಸೇ ಅಳಿದುಹೋಗುತ್ತದೆ ಎಂದು ಸಂಗ್ರಹಕಾರರು ಬೈಯುತ್ತಿದ್ದರು. ಇವನು ಕೇಳಬೇಕಲ್ಲ! ಮೇಳದ ಜನಕ್ಕೆ ಹೊಳಪು ಬೇಕು ಮಾರಾಯ ಎನ್ನುತ್ತ ಬೆಳ್ಳಿ ರೂಪಾಯಿಗಳನ್ನೆಲ್ಲ ಅಂಟುವಾಳದ ನೊರೆಯಲ್ಲಿ ಉಜ್ಜಿ ಫಳಫಳ ಮಾಡಿಡುತ್ತಿದ್ದ.

ಮೂಡುಬಿದಿರೆಯ ಮೇಳಕ್ಕೆ ನಾರಾವಿಯ ಸೇಸಮ್ಮ ಅವನನ್ನೇ ಹುಡುಕಿಕೊಂಡು ಬಂದಳು. ಮೊಮ್ಮಗಳು ವಿಸ್ಮಿತಾಗೆ ಶಾಲೆಗೆ ಹೋಗುವ ವಯಸ್ಸಾದರೂ ಮಾತು ಬಂದಿರಲಿಲ್ಲ. ಬಂದರೆ ಒಪ್ಪಿಸುತ್ತೇನೆಂದು ಸೇಸಮ್ಮ ಮನೆದೈವಕ್ಕೆ ಹರಕೆ ಹೊತ್ತು, ವಿಕ್ಟೋರಿಯಾ ರಾಣಿಯ ಬೆಳ್ಳಿ ರೂಪಾಯಿಯೊಂದನ್ನು ಅರಸಿನದ ಬಟ್ಟೆಯಲ್ಲಿ ಮುಡಿಪು ಕಟ್ಟಿ ಡಬ್ಬಿಯಲ್ಲಿಟ್ಟಿದ್ದಳು. ಈಗ ಮಗು ಬಾಯಿ ಮುಚ್ಚುವುದೇ ಇಲ್ಲ. ನಾಳೆ ದೈವದ ನೇಮ, ಹರಕೆ ಒಪ್ಪಿಸುವ ಉತ್ಸವ. ಆದರೆ ಮನೆಗೆ ಬಣ್ಣ ಹೊಡೆಸುವಾಗ ಮಗ ಧನರಾಜ್ ಆ ಹಳೇ ಡಬ್ಬಿಯನ್ನು ಗುಜರಿಗೆ ಹಾಕಿದ್ದ. ಗುಜರಿಯವನು ರೂಪಾಯಿಯನ್ನು ಅಸ್ಕರನಿಗೆ ಮಾರಿದ್ದ. ಕೊಟ್ಟ ಮಾತು ತಪ್ಪಿದರೆ ಮಗುವಿನ ಮಾತು ಎಲ್ಲಿ ಹಿಂದೆ ಹೋಗುತ್ತದೋ ಎಂಬ ಹೆದರಿಕೆಯಲ್ಲಿ ಮುದುಕಿಗೆ ಅನ್ನ ಸೇರುತ್ತಿರಲಿಲ್ಲ.

ಅದರ ಮೇಲೆ ಅರಸಿನದ ಕಲೆ ಉಂಟು, ನೋಡಿದರೆ ಗೊತ್ತಾಗುತ್ತದೆ ಎಂದಳು.

ಅಸ್ಕರ್ ಮೇಜಿನ ಮೇಲಿನ ತಟ್ಟೆಯತ್ತ ನೋಡಿದ. ಆ ಕಲೆಯನ್ನು ಅವನೇ ತಿಕ್ಕಿ ತಿಕ್ಕಿ ತೆಗೆದಿದ್ದ. ತಟ್ಟೆಯ ತುಂಬ ವಿಕ್ಟೋರಿಯಾಗಳು, ಎಲ್ಲವೂ ಒಂದೇ ಹೊಳಪು. ತೊಳೆದುಬಿಟ್ಟೆ ಎಂದು ತಲೆ ತಗ್ಗಿಸಿ ಒಪ್ಪಿಕೊಂಡ. ಅಷ್ಟನ್ನೂ ಕೊಂಡೊಯ್ಯಿರಿ, ನಿಮ್ಮದು ಅದರಲ್ಲೇ ಇರುತ್ತದೆ, ದುಡ್ಡು ಬೇಡ ಎಂದ.

ಸೇಸಮ್ಮ ತಟ್ಟೆಯನ್ನು ಅವನತ್ತಲೇ ಸರಿಸಿದಳು.

“ಬೇಡ ಮಗಾ. ಉಳಿದವು ಯಾರ ಮನೆಯ ಮುಡಿಪೋ ಏನೋ. ನೀನೇ ಕಣ್ಣು ಮುಚ್ಚಿ ಒಂದು ತೆಗೆದುಕೊಡು. ತನ್ನದನ್ನು ದೈವ ಬಿಡುವುದುಂಟಾ?”

ಅಸ್ಕರ್ ಬಿಸ್ಮಿಲ್ಲಾ ಎಂದು ಕಣ್ಣು ಮುಚ್ಚಿ ಕೈಯಿಟ್ಟ. ಸಿಕ್ಕಿದ್ದನ್ನು ಕೊಟ್ಟ. ಸೇಸಮ್ಮ ಅದನ್ನು ತಿರುಗಿಸಿಯೂ ನೋಡಲಿಲ್ಲ. ಕಣ್ಣಿಗೊತ್ತಿಕೊಂಡು ಸೆರಗಿನ ತುದಿಯಲ್ಲಿ ಗಂಟು ಹಾಕಿ, ಬಸ್ಸು ತಪ್ಪುತ್ತದೆಂದು ಹೊರಟಳು. ಅವಳ ಮುಖದಲ್ಲಿ ಅನುಮಾನದ ಎಳೆಯೂ ಇರಲಿಲ್ಲ. ಅಬ್ಬಾ, ಇಂಥ ನಂಬಿಕೆಯೂ ಉಂಟೇ ಎಂದು ಅಸ್ಕರ್ ಅವಳು ಹೋದ ದಾರಿಯನ್ನೇ ನೋಡುತ್ತ ಕೂತ.

ಆಮೇಲೆ ಬಂದ ಗಿರಾಕಿ ತಟ್ಟೆಯಿಂದ ಒಂದು ರೂಪಾಯಿ ಎತ್ತಿ, ಇದರ ಚರಿತ್ರೆ ಏನು ಎಂದು ಕೇಳಿದ. ಅಸ್ಕರ್ ಎದ್ದು ನಿಂತು, ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡ.

“ಗೊತ್ತಿಲ್ಲ. ಯಾರೋ ಏನನ್ನೋ ಬೇಡಿಕೊಂಡಿರಬೇಕು” ಎಂದ.