ತುಂಗಿಗೆ ಮುಕ್ತಿ ಬೇಡ

೧

ಎಲ್ಲಿಂದ ಆರಂಭಿಸಬೇಕೆಂಬುದೇ ಕತೆಗಾರನಿಗೆ ತಿಳಿಯುತ್ತಿಲ್ಲ, ಓದುಗರೇ. ಎಪ್ಪತ್ತೆಂಟರ ನೆರೆಯಿಂದ ಒಮ್ಮೆ ಆರಂಭಿಸಿದ್ದಾಯಿತು: ಕಾಶಿಯ ಹನುಮಾನ್ ಘಾಟಿನ ಓಣಿಗಳಿಗೆ ಗಂಗೆ ನುಗ್ಗಿದಳು, ತೇಲಿಬಂದ ಹುಲ್ಲುಚಾವಣಿಯ ಮೇಲೊಂದು ಬೂದು ಬೆಕ್ಕು ಕುಳಿತಿತ್ತು, ಪುರೋಹಿತ ನರಸಿಂಹಶಾಸ್ತ್ರಿಗಳ ಹೆಂಡತಿ ಅಂಬುಜಾಕ್ಷಿ ಮಹಡಿಯ ಕಿಟಕಿಯಿಂದ ಬಾಗಿ, ಅದರ ಕತ್ತು ಹಿಡಿದು ಒಳಗೆಳೆದುಕೊಂಡು, ತುಂಗಿ ಎಂದು ಹೆಸರಿಟ್ಟಳು. ಚೆನ್ನಾಗಿಯೇ ಇತ್ತು. ಆದರೆ ನೆರೆಯ ವರ್ಣನೆಯೇ ಪುಟ ತುಂಬಿ ಬೆಕ್ಕಿಗೆ ಜಾಗ ಉಳಿಯಲಿಲ್ಲ. ಆ ಡ್ರಾಫ್ಟ್ ಹರಿದುಹೋಯಿತು.

೨

ಸಾವಿನಿಂದಲೇ ಆರಂಭಿಸೋಣವೆಂದು "ತುಂಗಿ ಸತ್ತ ದಿನ" ಎಂದು ಬರೆಯುತ್ತಿದ್ದಂತೆ, ಅಂಬುಜಾಕ್ಷಿ ಬತ್ತಿ ಹೊಸೆಯುವುದನ್ನು ನಿಲ್ಲಿಸಿ ಕತೆಗಾರನತ್ತ ತಲೆಯೆತ್ತಿದಳು.

"ಉಸಿರಾಡ್ತಿದೆಯಲ್ಲ, ಕಣ್ಣು ಕಾಣಲ್ವಾ ನಿಮಗೆ? ಅಳಿಸಿ ಅದನ್ನ."

ಅಳಿಸಿದ್ದಾಯಿತು. (ಪಾತ್ರಗಳ ಮಾತು ಕೇಳಿದ ಕತೆಗಾರ ಉದ್ಧಾರವಾಗುವುದಿಲ್ಲ. ಆದರೂ.)

೪

(ಮೂರನೆಯದರಲ್ಲಿ ಬರೀ ಉಪಮೆಗಳಿದ್ದವು, ಕೈಬಿಟ್ಟಿದೆ.)

ತುಂಗಿ ಹಾಲು ಮುಟ್ಟುತ್ತಿರಲಿಲ್ಲ. ಅಂಬುಜಾಕ್ಷಿಯ ಪಾದದ ಮೇಲೆ ಮಲಗಿದ್ದದ್ದು ಏಳುತ್ತಲೂ ಇರಲಿಲ್ಲ. ಅವಳ ಮನೆಗೆ ಬಂದ ಯಾತ್ರಿಕರೆಲ್ಲ ಉಂಡು, ಪಿಂಡವಿಟ್ಟು, ರೈಲು ಹತ್ತಿದವರು. ಉಳಿಯಲೆಂದು ಬಂದದ್ದು ಇದೊಂದೇ.

"ಏನ್ರೀ, ಕಾಶೀಲಿ ಸತ್ರೆ ಬೆಕ್ಕಿಗೂ ಮುಕ್ತಿನಾ?"

ಬೆಳಗಿನಿಂದ ಯಾತ್ರಿಕರಿಗೆ ಅದನ್ನೇ ಹೇಳಿ ದಣಿದಿದ್ದ ಶಾಸ್ತ್ರಿಗಳು, "ಇರುವೆಗೂ ಉಂಟು. ಬೆಕ್ಕೇನು ಪಾಪ ಮಾಡಿದೆ?" ಎಂದರು.

"ಅಂದ್ರೆ ಮತ್ತೆ ಹುಟ್ಟೋದೇ ಇಲ್ಲ?"

"ಮುಕ್ತಿ ಅಂದ್ರೆ ಅದೇ ಅಲ್ವೇನೆ."

"ಹಾಗಾದ್ರೆ ಶಾಮನಿಗೆ ದೋಣಿ ತರೋಕೆ ಹೇಳಿ. ಇದನ್ನ ಆ ದಡಕ್ಕೆ ಕರ್ಕೊಂಡು ಹೋಗ್ತೀನಿ."

ಶಾಸ್ತ್ರಿಗಳು ಜನಿವಾರ ಹಿಡಿದುಕೊಂಡೇ ಕುಳಿತರು. "ಲೋಕವೆಲ್ಲ ಸಾಯೋಕೆ ಈ ದಡಕ್ಕೆ ಬರುತ್ತೆ. ನೀನು ಆ ದಡಕ್ಕೆ ಹೊರಟೆಯಾ? ಅಲ್ಲಿ ಸತ್ರೆ ಕತ್ತೆ ಜನ್ಮ, ಗೊತ್ತು ತಾನೆ?"

"ಕತ್ತೆಯಾದ್ರೂ ಆಗ್ಲಿ. ಹುಟ್ಟುತ್ತಲ್ಲ, ಸಾಕ್ತೀನಿ."

"ಈ ಓಣೀಲಿ? ಕತ್ತೇನ?"

"ನಿಮ್ಮ ಯಾತ್ರಿಕರ ಗಂಟು ಹೊರುತ್ತೆ ಬಿಡಿ."

ಇಲ್ಲಿ ಓದುಗರು ನಗಬಹುದು. ಕತೆಗಾರನೂ ನಕ್ಕ, ಅಂಬುಜಾಕ್ಷಿ ನಗಲಿಲ್ಲವೆಂಬುದನ್ನು ಗಮನಿಸಿ ನಿಲ್ಲಿಸಿದ.

೫

ಮುಕ್ತಾಯಗಳು, ಆಯ್ಕೆ ತಮ್ಮದು. ಒಂದು: ಶಾಸ್ತ್ರಿಗಳು ಕರಗಿ, ಬೆಕ್ಕಿನ ಬಲಗಿವಿಯಲ್ಲಿ ಮುಕ್ತಿಯ ಮಂತ್ರವನ್ನುಸುರುತ್ತಾರೆ. (ಅಂಬುಜಾಕ್ಷಿ: "ಅವರಿಗೆ ಕೊಟ್ಟು ಅಭ್ಯಾಸ. ಕಳ್ಕೊಳ್ಳೋಳು ನಾನು.") ಇನ್ನೊಂದು: ವರ್ಷದ ಬಳಿಕ ಓಣಿಯಲ್ಲೊಂದು ಬೂದು ಕತ್ತೆಮರಿ ಬಂದು ಅವಳ ಪಾದ ಮೂಸುತ್ತದೆ. (ಸ್ಟೇಷನ್ನಿನಲ್ಲಿ ಮಾರುವ ಕಾದಂಬರಿಗಳ ಕ್ಲೈಮ್ಯಾಕ್ಸ್ ಇದು. ಬರೆದ ಕೈಗೇ ನಾಚಿಕೆಯಾಯಿತು.)

ಮೂರನೆಯದಕ್ಕೆ ಆಕೆ ಕಾಯಲಿಲ್ಲ. ಬೆಕ್ಕನ್ನು ಮಡಿಲಲ್ಲಿಟ್ಟುಕೊಂಡು ದೋಣಿಯಲ್ಲಿ ಕುಳಿತುಬಿಟ್ಟಳು.

೬

ಶಾಮ ಯಾತ್ರಿಕರಿಂದ ಕನ್ನಡ ಕಲಿತ ಅಂಬಿಗ. ಬಹುವಚನ ಅವನವರೆಗೆ ತಲುಪಿರಲಿಲ್ಲ. "ಮಾಯೀ, ಅಲ್ಲಾಡಬೇಡ, ಕೂತ್ಕೋ" ಎಂದು ಹುಟ್ಟು ಹಾಕಿದ. ನಡುನೀರಿಗೆ ಬಂದಾಗ ಹರಿಶ್ಚಂದ್ರ ಘಾಟಿನ ಚಿತೆಗಳು ಕಂಡವು. ಅಲ್ಲಿ ಯಾರನ್ನೋ ಶಾಶ್ವತವಾಗಿ ಕಳಿಸಿಕೊಡುತ್ತಿದ್ದರು. ತುಂಗಿಯ ಪಕ್ಕೆ ತಡೆತಡೆದು ಏರಿಳಿಯುತ್ತಿತ್ತು. ಮರಳಿ ಬರಬೇಕೆಂದು ಎಳೆದೊಯ್ಯುವುದು ಪ್ರೀತಿಯೋ, ಇದನ್ನೂ ಯಾತ್ರಿಕರಂತೆ ಬೀಳ್ಕೊಡುವುದು ಪ್ರೀತಿಯೋ, ಅವಳಿಗೆ ತಿಳಿಯಲಿಲ್ಲ. ಕತೆಗಾರನನ್ನು ಕೇಳಿದಳು. ಅವನಿಗೂ ತಿಳಿಯಲಿಲ್ಲ.

"ಶಾಮಾ, ತಡಿ. ಮುಂದೆ ಬೇಡ. ಹಿಂದೂ ಬೇಡ."

"ನಿಲ್ಲಲ್ಲ ಮಾಯೀ, ನೀರಿನ ಧಾರ್ ಎಳೀತದೆ."

"ಎಳೆದಷ್ಟೂ ಹುಟ್ಟು ಹಾಕು."

ಅವನು ಹಾಗೆಯೇ ಮಾಡಿದ. ದೋಣಿ ಇದ್ದಲ್ಲೇ ನಿಂತಿತು. ಅಂಬುಜಾಕ್ಷಿ ದಡದತ್ತ ತಿರುಗಿ, ಮೆಟ್ಟಿಲ ಮೇಲೆ ನಿಂತಿದ್ದ ಗಂಡನನ್ನು ಕೂಗಿ ಕೇಳಿದಳು:

"ಏನ್ರೀ, ನಡುನೀರು ಕಾಶಿಗೆ ಸೇರಿದ್ದೋ, ಆ ದಡಕ್ಕೆ ಸೇರಿದ್ದೋ?"

ಯಾವ ಯಾತ್ರಿಕನೂ ಕೇಳದ ಪ್ರಶ್ನೆಯಿದು. ಶಾಸ್ತ್ರಿಗಳು ಎರಡು ಮೆಟ್ಟಿಲಿಳಿದು ನೀರಿನಂಚಿಗೆ ಬಂದರು.

"ಗ್ರಂಥ ನೋಡಿ ಹೇಳಬೇಕು ಕಣೇ."

"ನೋಡಿ. ನಿಧಾನವಾಗಿ ನೋಡಿ" ಎಂದಳು, ಬೆಕ್ಕಿನ ಕಿವಿಯ ಹಿಂದೆ ಕೆರೆಯುತ್ತ.