ಹುಳಿ ಮಣ್ಣಿನ ಜೇಕು

ತಂಗಿ ಶಿಲ್ಪಾ ಬಾಣಂತನಕ್ಕೆ ಮಲ್ಲಂದೂರಿಗೆ ಬರುವ ಹೊತ್ತಿಗೆ ಚಾಪೆ ಹೆಣೆಯುವ ಜೇಕುಹುಲ್ಲು ಎದೆಯೆತ್ತರ ಬೆಳೆದಿರಬೇಕು. ರುದ್ರೇಶನಿಗೆ ಈಗ ಅದೊಂದೇ ಯೋಚನೆ. ಈ ಮನೆಗೆ ಬಂದ ಯಾವ ಕೂಸನ್ನೂ ಮೊದಲು ಮಲಗಿಸುವುದು ತಮ್ಮದೇ ಹಡ್ಲಿನ ಜೇಕಿನ ಚಾಪೆಯ ಮೇಲೆ. ಹೆಣೆಯುವವಳು ಅವ್ವ ಬಸಮ್ಮ.

ಆದರೆ ಹಡ್ಲು ಈಗ ಎಲ್ಲಿ ಉಳಿದಿತ್ತು? ಈ ಕಡೆ ಹಡ್ಲು ಅಂದರೆ ಜೌಗೂ ಹೌದು, ಪಾಳೂ ಹೌದು. ರುದ್ರೇಶ್ ಎರಡನೆಯದನ್ನಷ್ಟೇ ಕೇಳಿಸಿಕೊಂಡಿದ್ದ. ಎರಡು ಗುಡ್ಡಗಳ ನಡುವಿನ ಆ ಕೆಸರಿನಲ್ಲಿ ಬಸಿಗಾಲುವೆ ತೆಗೆಸಿ ರೊಬಸ್ಟಾ ಕಾಫಿ ನೆಟ್ಟಿದ್ದ. ಗಿಡಗಳು ಬೇರು ಕೊಳೆತು ಸತ್ತವು. ನೀರು ಬಸಿದುಹೋದ ಕಡೆಯೆಲ್ಲ ಜೇಕೂ ಒಣಗಿತು. ಉಳಿದದ್ದು ಒರತೆಯ ಬಾಯಲ್ಲಿ ಒಂದು ಹಿಂಡು.

ಈಗ ಅವನೇ ಕಾಲುವೆಗೆ ಮಣ್ಣಿನ ಮೂಟೆ ಅಡ್ಡ ಹಾಕಿಸಿದ. ತುಕ್ಕಿನ ಬಣ್ಣದ ನೀರು ನಿಧಾನವಾಗಿ ಹರಡಿತು. ಜೇಕು ಚಿಗುರಿತು. ಅದರ ದಂಟಿಗೆ ಮೂರು ಮೂಲೆ. ಬೆರಳುಗಳ ನಡುವೆ ಹೊಸೆದರೆ ಉರುಳದೆ ತಡೆಯುತ್ತದೆ. ದಿನಾ ಹೋಗಿ ಹೊಸೆದು ನೋಡುತ್ತಿದ್ದ.

ಮಳೆ ನಿಂತ ಮೇಲೊಂದು ಸಂಜೆ ಬಸಮ್ಮ ಕುಡುಗೋಲು ಹಿಡಿದು ಬಂದಳು. ಜೇಕಿನ ತುದಿಗಳೆಲ್ಲ ಹಳದಿ. ನಡುವೆ ಯಾವುದೋ ದಪ್ಪ ಹುಲ್ಲು.

"ಬುಡದಲ್ಲೇನೋ ಅದು, ಬೆಳ್ಳಗೆ?"

"ಸುಣ್ಣ, ಅವ್ವ. ಸ್ವಲ್ಪ ಸೊರಗಿದ ಹಾಗೆ ಕಾಣ್ತಿತ್ತು."

"ಜೇಕಿಗೆ ಸುಣ್ಣ ಹಾಕಿದ್ಯಾ ಮಾರಾಯ? ಎಲೆ ಅಡಿಕೇನೂ ಇಡಬೇಕಿತ್ತು."

ಅವನು ನಕ್ಕ. ಅವಳು ನಗಲಿಲ್ಲ.

"ಕಾಫಿಗೆ ಹಾಕ್ತೀವಲ್ಲ, ಮಣ್ಣಿನ ಹುಳಿ ಹೋಗ್ಲಿ ಅಂತ."

"ಇದಕ್ಕೆ ಏನು ಬೇಕು ಅಂತ ನಂಗೂ ಗೊತ್ತಿಲ್ಲ ಕಣೋ. ನಾವು ಯಾವತ್ತೂ ಏನೂ ಕೊಟ್ಟಿರ್ಲಿಲ್ಲ."

ಆ ಹುಳಿಯಲ್ಲೇ ಅದು ಇಷ್ಟು ಕಾಲ ಬದುಕಿತ್ತು ಎಂದು ಅವನಿಗೆ ಆಗ ಹೊಳೆಯಿತು. ಸುಣ್ಣ ತೊಳೆದುಹೋಗಲೆಂದು ಮೂಟೆಗಳನ್ನು ಎಳೆದು ಹಾಕಿದ. ನೀರೂ ಹೋಯಿತು. ಹಳದಿ ಬುಡಕ್ಕಿಳಿಯುವ ಮೊದಲೇ ಬಸಮ್ಮ ಸಿಕ್ಕಷ್ಟು ಕೊಯ್ದಳು. ಆಮೇಲೆ ಅಲ್ಲಿ ಎದ್ದದ್ದು ದಪ್ಪ ಹುಲ್ಲು ಮಾತ್ರ.

ಶಿಲ್ಪಾ ಕೂಸನ್ನೆತ್ತಿಕೊಂಡು ಆಸ್ಪತ್ರೆಯಿಂದ ಬಂದಾಗ ನೆಲದ ಮೇಲಿದ್ದದ್ದನ್ನು ನೋಡಿ, "ಅಣ್ಣ, ಇದು ಚಾಪೇನೋ, ಬೀಸಣಿಗೇನೋ?" ಎಂದಳು.

ಮಲಗಿಸಿದರು. ಕೂಸಿನ ಹಿಮ್ಮಡಿಗಳೆರಡೂ ಹೊರಗೆ, ನೆಲದ ಮೇಲೆ. ರುದ್ರೇಶ್ ಹೆಗಲ ಮೇಲಿನ ಟವೆಲ್ ಮಡಚಿ ಅವುಗಳ ಕೆಳಗೆ ಸರಿಸಿದ.

"ಮುಂದಿನ ಸಲ ದೊಡ್ಡದು ಹೆಣಿ ಅವ್ವ," ಎಂದಳು ಶಿಲ್ಪಾ.

ಬಸಮ್ಮ ಮಗನ ಕಡೆ ನೋಡದೆ ಕೂಸಿನ ಕುಲಾವಿ ಸರಿಮಾಡಿದಳು.