ಬಾಚಣಿಗೆಯಾದ ಜಲಪಾತ

ಗಜೇಂದ್ರಗಡದ ಬಸ್ ನಿಲ್ದಾಣದ ಹಿಂದೆ ರಿಯಾಜನ ವಿಡಿಯೋ ಗೇಮ್ ಅಂಗಡಿ. 2009ರ ಬೇಸಿಗೆಯಲ್ಲಿ ಅಲ್ಲಿನ ಡಬ್ಬಾ ಟಿವಿ ಸುಟ್ಟುಹೋಯಿತು. ರಿಯಾಜ ಗದಗಿನಿಂದ ಚಪ್ಪಟೆ ಪರದೆಯ ಕಂಪ್ಯೂಟರ್ ತಂದು ಅದೇ ಹಳೆಯ ಆಟಗಳನ್ನು ಹಾಕಿದ. ದಿನಾ ಬರುತ್ತಿದ್ದ ನೇಕಾರ ಅಜಯಕುಮಾರ ಆಟದ ನಡುವೆಯೇ ಎದ್ದುಬಿಟ್ಟ.

"ಇದೇನೋ ರಿಯಾಜ, ನೀರಂತೀಯೇನ ಇದಕ್ಕ? ಬಾಚಣಿಗಿ ಕಂಡಂಗ ಕಾಣತೈತಿ."

ರಿಯಾಜ ನಕ್ಕ. ಅವನ ತಂಗಿ ಆಸಿಫಾಗೆ ನಗು ಬರಲಿಲ್ಲ. ಆ ಆಟದ ಜಲಪಾತದ ಹಿಂದಿನಿಂದ ನುಗ್ಗಿ ಎಷ್ಟು ಸಲ ಅಣ್ಣನನ್ನು ಸೋಲಿಸಿದ್ದಳೋ! ಹಳೆಯ ಟಿವಿಯಲ್ಲಿ ಆಚೆಯದು ಕಾಣುವಷ್ಟು ತೆಳ್ಳಗಿದ್ದ ನೀರು ಈಗ ಒಂದು ಬಿಳಿ ಗೆರೆ, ಒಂದು ಖಾಲಿ ಗೆರೆಯಾಗಿ ನಿಂತಿತ್ತು. ರೋಣದ ಕಾಲೇಜಿನಲ್ಲಿ ಕಂಪ್ಯೂಟರ್ ಓದುತ್ತಿದ್ದ ಅವಳಿಗೆ ಅಂದಿನಿಂದ ಪಾಠ ತಲೆಗೆ ಹತ್ತದಾಯಿತು.

ಮನೆಯಲ್ಲಿನ್ನೂ ಅಂಥದೇ ಹಳೆಯ ಡಬ್ಬಾ ಟಿವಿ ಇತ್ತು. ಅದರ ಗಾಜಿಗೆ ನೀರಹನಿ ಹಚ್ಚಿ, ಮೂಗು ತಾಗಿಸಿ ನೋಡಿದಳು. ಭೂತಗನ್ನಡಿಯಂತಾದ ಹನಿಯೊಳಗೆ ಕೆಂಪು, ಹಸಿರು, ನೀಲಿ ಪಟ್ಟಿಗಳು ಒತ್ತೊತ್ತಾಗಿ ಉರಿಯುತ್ತಿದ್ದವು.

"ಟಿವಿಗೆ ಜಳಕಾ ಮಾಡಸ್ತಿಯೇನಬೇ? ಇದೂ ಸುಡಬೇಕೇನ?" ತಾಯಿ ಕಾಶೀಂಬಿ ಚೀರಿದಳು.

"ತಡಿಯಮ್ಮಾ, ಸಿಕ್ತು! ಈ ಪಟ್ಟಿ ಕಲತೇ ನೀರಿನ ಗೆರಿ ಮುಚ್ಚತಿದ್ದವು!"

ಮರುದಿನದಿಂದ ಕಾಲೇಜು ಮುಗಿದರೆ ನೇರ ಅಂಗಡಿಗೆ. ಆಟದ ಚಿತ್ರದ ಮೇಲೆ ಹಳೆಯ ಟಿವಿಯ ಗಾಜಿನಂಥ ಇನ್ನೊಂದು ಪದರ ಹೊದಿಸುವ ಪ್ರೋಗ್ರಾಂ ಬರೆಯತೊಡಗಿದಳು. ಅಡ್ಡಕ್ಕೆ ಸಣ್ಣ ಕಪ್ಪು ಗೆರೆ, ಉದ್ದಕ್ಕೆ ಮೂರು ಬಣ್ಣದ ಪಟ್ಟಿ. ಹಾಕಿದರೆ ಚಿತ್ರಕ್ಕೆ ಕತ್ತಲೆ ಕವಿಯಿತು. ಬೆಳಕು ಏರಿಸಿದರೆ ಬಣ್ಣವೆಲ್ಲ ಸುಣ್ಣ. ಅಳಿಸಿದಳು, ಬರೆದಳು, ಎದ್ದು ಬಾಗಿಲಿಗೆ ಹೋದಳು, ಬಂದು ಮತ್ತೆ ಅಳಿಸಿದಳು.

"ಗಿರಾಕಿ ನಿಂತಾರ. ಹೊಸಾ ಪರದೆ ಯಾಕ ಹೊಲಸ ಮಾಡ್ತಿ?" ರಿಯಾಜ ಸಿಡುಕಿದ.

"ಇನ್ನೊಂದೀಟ, ಭಾಯಿ."

ಕೊನೆಗೆ ಅಕ್ಕಪಕ್ಕದ ಚುಕ್ಕೆಗಳ ಬಣ್ಣ ಒಂದರೊಳಗೊಂದು ತುಸು ಹರಿಯುವಂತೆ ಮಾಡಿದಳು. ಗೆರೆಗಳು ಕಲೆತವು. ನೀರು ನೀರಾಯಿತು.

ಅಂಗಡಿಯ ಮುಂದೆ ಹೊರಟಿದ್ದ ಅಜಯಕುಮಾರನನ್ನು ಕೂಗಿದಳು: "ಅಜಯಣ್ಣಾ, ಒಂದ ಸಲ ಬಂದ ನೋಡ್ರಿ!"

ಅವನು ಕೂತ. ಜಲಪಾತದ ಹಿಂದೆ ಹೋದ, ಹೊರಬಂದ, ಮತ್ತೆ ಹೋದ.

"ಬಂತವಾ, ಖರೇ ನೀರ ಬಂತು!"

ರಿಯಾಜನೂ ಬಗ್ಗಿ ನೋಡಿ, "ಇರಲಿ ಬಿಡು ಹಂಗಾದ್ರ" ಎಂದ. ಅಷ್ಟರಲ್ಲಿ ಅಜಯಕುಮಾರ ಆಟದಲ್ಲಿ ಗುಂಡು ಹಾರಿಸಿ ತಲೆ ಕೆರೆದುಕೊಂಡ.

"ಹಳೇ ಟಿವಿಯಾಗ ಗುಂಡಿನ ಹಿಂದ ಬೆಳಕ ಒಂದ ಗಳಿಗಿ ಉಳಿದ ಆರತಿತ್ತಲಾ, ಅದೆಲ್ಲೈತಿ?"

ಆಸಿಫಾಳ ನಗು ಅರ್ಧಕ್ಕೇ ನಿಂತಿತು. ಹೌದು, ಉಳಿಯುತ್ತಿತ್ತು. ಅದನ್ನವಳು ಮರೆತೇಬಿಟ್ಟಿದ್ದಳು.

"ಆಟ ಮುಗಸ್ರಿ ಲಗೂ, ನಾ ಕೂಡಬೇಕು" ಎಂದು ಅವನ ಕುರ್ಚಿಯ ಹಿಂದೆ ನಿಂತು, ಅದರ ಬೆನ್ನಿಗೆ ಬೆರಳು ಬಡಿಯತೊಡಗಿದಳು.